ಷಡ್ಡಕನ ಪೆನ್ಸಿಲ್

ಕಿಟಕಿ ಪಕ್ಕದ ಬೆಂಚನ್ನು ಅವನು ನನಗೆ ಬಿಟ್ಟುಕೊಟ್ಟ. ಹನ್ನೊಂದು ವರ್ಷವಾಯಿತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಕಿತ್ತುಕೊಂಡಿದ್ದರೆ ಬೇರೆ ಮಾತು. ಕಾಲರ್ ಹಿಡಿದು ಕೇಳುತ್ತಿದ್ದೆ, ನಾಲ್ಕು ಜನರನ್ನು ಸೇರಿಸಿ ನ್ಯಾಯ ಮಾಡಿಸುತ್ತಿದ್ದೆ. ಕೊಟ್ಟವನ ಕಾಲರ್ ಹಿಡಿಯುವುದು ಹೇಗೆ? ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ.

ನಮ್ಮದು ಮರಗೆಲಸದ ಅಂಗಡಿ. ಬಾಗಿಲು, ಕಿಟಕಿ, ಬೀರು, ಮಂಚ ಮಾಡುತ್ತೇವೆ. ಒಳಗೆ ಕೆಲಸದ ಬೆಂಚುಗಳು ನಾಲ್ಕಿವೆ. ಮೂರಕ್ಕೆ ಟ್ಯೂಬ್‌ಲೈಟೇ ಗತಿ. ನಾಲ್ಕನೆಯದು ಕಿಟಕಿಗೆ ಒತ್ತಿಕೊಂಡಿದೆ. ಬೆಳಗಿನಿಂದ ಮಧ್ಯಾಹ್ನದವರೆಗೂ ಅದರ ಮೇಲೆ ಎಡಗಡೆಯಿಂದ ಬೆಳಕು ಬೀಳುತ್ತದೆ. ಬಲಗೈಯಲ್ಲಿ ಉಳಿ ಹಿಡಿಯುವವನಿಗೆ ಎಡಗಡೆಯ ಬೆಳಕಿಗಿಂತ ದೊಡ್ಡ ಭಾಗ್ಯವಿಲ್ಲ, ಸ್ವಂತ ಕೈಯ ನೆರಳು ಗೆರೆಯ ಮೇಲೆ ಬೀಳುವುದಿಲ್ಲ. ಆ ಬೆಂಚಿನಲ್ಲಿ ಹಳೆಯ ಮೇಸ್ತ್ರಿಯೊಬ್ಬರು ಇದ್ದರು. ಅವರ ಕೈ ನಡುಗಲು ಶುರುವಾಗಿ ಕೆಲಸ ಬಿಟ್ಟ ದಿನ ಮಾವ ಎಲ್ಲರ ಎದುರಿಗೆ ಅವನಿಗೆ, "ಚಿಕ್ಕಳಿಯಾ, ಇನ್ಮೇಲೆ ನೀನು ಅಲ್ಲಿ" ಅಂದರು. ಮಾವ ಅಂದರೆ ನನ್ನ ಹೆಂಡತಿಯ ಅಪ್ಪ, ಅಂಗಡಿಯ ಯಜಮಾನರು. ನಾನು ದೊಡ್ಡಳಿಯ. ಅವನಿಗಿಂತ ಆರು ವರ್ಷ ಮೊದಲೇ ಆ ಅಂಗಡಿಯ ಹೊಟ್ಟು ಮೂಗಿಗೆ ಹಾಕಿಕೊಂಡವನು. ಆ ಕಿಟಕಿಯ ಮೇಲೆ ಆರು ವರ್ಷ ಕಣ್ಣಿಟ್ಟು ಕೂತಿದ್ದೆ.

ಸಂಜೆ ನಲ್ಲಿಯಲ್ಲಿ ಕೈ ತೊಳೆದು ಬಂದು ನೋಡಿದರೆ ನನ್ನ ಉಳಿಗಳೆಲ್ಲ ಕಿಟಕಿ ಬೆಂಚಿನ ಮೇಲೆ ಸಾಲಾಗಿ ಮಲಗಿವೆ, ಸಣ್ಣದರಿಂದ ದೊಡ್ಡದರ ತನಕ. ಅವನ ಸಾಮಾನು ಟ್ಯೂಬ್‌ಲೈಟಿನ ಕೆಳಗೆ.

"ಏನೋ ಇದು?" ಅಂದೆ.

"ನಿಮ್ಮದು ಸೂಕ್ಷ್ಮದ ಕೆಲಸ, ಭಾವ. ಬೆಳಕು ನಿಮಗೆ ಬೇಕು. ನಾನು ಹಾಕೋ ಚೌಕಟ್ಟಿಗೆ ಕತ್ತಲಾದ್ರೂ ನಡೆಯುತ್ತೆ."

"ನಿನ್ನ ಯಾರು ಕೇಳಿದ್ರು?"

"ಯಾರೂ ಕೇಳಿಲ್ಲ."

"ಮಾವ?"

"ಅವರನ್ನ ಕೇಳಿಯೇ ಮಾಡಿದೆ. ನಿನ್ನಿಷ್ಟ ಅಂದ್ರು."

ಅಲ್ಲಿಗೆ ಮುಗಿಯಲಿಲ್ಲ. ಮಾವ ಆ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಕೈ ಕುಲುಕಿದವರಿಗೆಲ್ಲ ಅದನ್ನೇ ಹೇಳಿದರು. "ನೋಡಿ, ನನ್ನ ಚಿಕ್ಕಳಿಯ ಎಂಥವನು!" ಬೆಂಚು ನನಗೆ, ಹೆಸರು ಅವನಿಗೆ. ಹನ್ನೊಂದು ವರ್ಷದಿಂದ ಆ ಕಿಟಕಿಯ ಬೆಳಕಿನಲ್ಲಿ ನಿಂತಾಗಲೆಲ್ಲ ಅದು ಅವನು ಕೊಟ್ಟ ಬೆಳಕು ಅನ್ನಿಸಿ ಮೈ ಉರಿಯುತ್ತದೆ.

ಹೆಂಡತಿಯ ತಂಗಿಯ ಗಂಡನಿಗೆ ನಮ್ಮಲ್ಲಿ ಷಡ್ಡಕ ಅನ್ನುತ್ತಾರೆ. ಒಂದೇ ಮನೆಯ ಇಬ್ಬರು ಅಳಿಯಂದಿರನ್ನು ತಕ್ಕಡಿಯ ಎರಡು ತಟ್ಟೆಗೆ ಹಾಕಿ ತೂಗುವುದಕ್ಕೆಂದೇ ದೇವರು ಆ ಸಂಬಂಧ ಮಾಡಿರಬೇಕು. ನನ್ನ ಷಡ್ಡಕನನ್ನು ಊರೆಲ್ಲ ಕರೆಯುವುದು ಪೆನ್ಸಿಲ್ ಅಂತ. ಅವನು ಸಣಕಲನಲ್ಲ; ನನಗಿಂತ ಒಂದು ಗೇಣು ಅಗಲ. ಆ ಹೆಸರು ಬಂದದ್ದು ಹೀಗೆ.

ಮರ ಅಂದಮೇಲೆ ಗಂಟು ಇರುತ್ತದೆ, ಬಿರುಕು ಇರುತ್ತದೆ. ಬಡಗಿಯಾದವನು ಏನು ಮಾಡುತ್ತಾನೆ? ಮರದ ಪುಡಿಗೆ ಅಂಟು ಕಲಸಿ ಬಿರುಕಿಗೆ ತುಂಬುತ್ತಾನೆ, ಒಣಗಿದ ಮೇಲೆ ಸ್ಯಾಂಡ್ ಪೇಪರ್ ಹಾಕಿ ಉಜ್ಜುತ್ತಾನೆ, ಮೇಲೆ ಪಾಲಿಶ್ ಎಳೆಯುತ್ತಾನೆ. ಅದು ಮೋಸವಲ್ಲ, ಕಸುಬು. ನನ್ನ ಕೈಯಲ್ಲಿ ತುಂಬಿಸಿಕೊಂಡ ಬಿರುಕನ್ನು ಆ ಮರವನ್ನು ಹೆತ್ತ ಭೂಮಿಯೂ ಗುರುತು ಹಿಡಿಯಲಾರದು. ಅವನೂ ಎಲ್ಲರಂತೆ ತುಂಬುತ್ತಿದ್ದ. ಒಂದು ಭಾನುವಾರ ಪಾಸ್ಟರ್ ಹೊರಗೆ ಸುಣ್ಣ ಬಳಿದು ಒಳಗೆ ಕೊಳೆತಿರುವವರ ವಿಷಯ ಮಾತಾಡಿದರು. ನಾವೆಲ್ಲ ಕೇಳಿದೆವು. ಆ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ, ನನ್ನ ಅಪ್ಪ, ನನ್ನ ತಾತ ಎಷ್ಟು ಸಲ ಕೇಳಿದ್ದರೋ. ಕೇಳಿ, ಕೊನೆಯ ಹಾಡು ಹಾಡಿ, ಮನೆಗೆ ಹೋಗಿ ಊಟ ಮಾಡಿ ಮಲಗುವುದು ಕ್ರಮ. ಇವನು ಸೋಮವಾರ ಬೆಳಗ್ಗೆ ಬಂದು ತಾನು ಮಾಡುತ್ತಿದ್ದ ಬೀರುವಿನ ಬಾಗಿಲಲ್ಲಿದ್ದ ಗಂಟಿನ ಸುತ್ತ ಪೆನ್ಸಿಲಿನಲ್ಲಿ ಒಂದು ದುಂಡಗಿನ ಗೆರೆ ಎಳೆದ. ಇನ್ನೊಂದು ಮೂಲೆಯ ಬಿರುಕಿಗೂ ಒಂದು ಸುತ್ತು.

ಬೀರು ಆರ್ಡರ್ ಕೊಟ್ಟಿದ್ದ ಟೀಚರಮ್ಮ ನೋಡಲು ಬಂದರು. "ಇದೇನ್ರೀ, ಯಾರೋ ಗೀಚಿದ್ದಾರೆ?"

"ನಾನೇ, ಅಮ್ಮ. ಇಲ್ಲಿ ಗಂಟಿದೆ. ಇಲ್ಲಿ ಬಿರುಕು. ಮುಚ್ಚಿಬಿಡ್ತೀನಿ, ಕಾಣಲ್ಲ. ಆದ್ರೆ ಇರೋದು ನಿಮಗೆ ಗೊತ್ತಿರಲಿ. ಬೇಡ ಅಂದ್ರೆ ಬೇರೆ ಹಲಗೆ ಹಾಕ್ತೀನಿ."

ಮಾವ ಅವರ ಮುಂದೆ ನಕ್ಕರು. ಅವರು ಹೋದ ಮೇಲೆ ಕೂಗಾಡಿದರು. "ಲೋ, ಹೆಣ್ಣು ನೋಡೋಕೆ ಬಂದವರ ಮುಂದೆ ಹುಡುಗಿಯ ಹಲ್ಲು ಹುಳುಕು ಅಂತ ಯಾವ ಅಪ್ಪ ಹೇಳ್ತಾನೋ?"

"ಹುಳುಕಿದ್ರೆ ಹೇಳ್ಬೇಕಲ್ವಾ, ಮಾವ?" ಅಂದ ಇವನು. ತಮಾಷೆಗಲ್ಲ, ನಿಜವಾಗಿ ಕೇಳಿದ.

ನನಗೆ ಒಳಗೊಳಗೆ ಹಬ್ಬ. ಇನ್ನೇನು, ಇವನ ಕಥೆ ಮುಗಿಯಿತು ಅಂದುಕೊಂಡೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆ ಅಂತ ಗಾದೆಯೇ ಇದೆ. ಆದರೆ ಟೀಚರಮ್ಮ ಒದೆಯಲಿಲ್ಲ. ಮುಂದಿನ ವಾರ ಬಂದು ಒಂದು ಮೇಜು, ಎರಡು ಕುರ್ಚಿ ಹೇಳಿದರು, ಜೊತೆಗೆ ಇಬ್ಬರು ಸಹೋದ್ಯೋಗಿಗಳನ್ನೂ ಕರೆತಂದರು. ಆರು ತಿಂಗಳಲ್ಲಿ ಅಂಗಡಿಗೆ ಬಂದವರೆಲ್ಲ ಬಾಗಿಲಲ್ಲೇ ನಿಂತು, "ಆ ಪೆನ್ಸಿಲ್ ಹಾಕ್ತಾರಲ್ಲ, ಅವರಿಲ್ವಾ?" ಅನ್ನುವುದಕ್ಕೆ ಶುರು ಮಾಡಿದರು. ನನ್ನ ಪಾಲಿಶಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಅದನ್ನು ಕೇಳಿದವರಿಲ್ಲ. ಅವನ ಗೀಚಿಗೆ ಕ್ಯೂ.

ಅವನೇನು ಹುಟ್ಟಾ ಸಂತನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೊಗಳಿಕೆ ಅಂದರೆ ಅವನಿಗೆ ಪ್ರಾಣ. ಯಾರಾದರೂ ಹೊಗಳಿದರೆ ಕಿವಿ ಕೆಂಪಗಾಗುತ್ತದೆ, ಇನ್ನೊಂದು ಸಲ ಹೇಳಲಿ ಅಂತ ಅಲ್ಲೇ ಸುಳಿದಾಡುತ್ತಾನೆ. ಆಮೇಲೆ ತನ್ನ ಮೇಲೇ ಬೇಸರ ಮಾಡಿಕೊಂಡು ಮಧ್ಯಾಹ್ನವಿಡೀ ಮಾತಾಡುವುದಿಲ್ಲ. ಒಮ್ಮೆ ಒಬ್ಬ ಮುದುಕಿಗೆ ಸಿಡುಕಿದ, ಮಂಚದ ಕಾಲು ನಾಲ್ಕನೇ ಸಲ ಬದಲಾಯಿಸಲು ಹೇಳಿದ್ದಕ್ಕೆ. ಯಾರಾದರೂ ಸಿಡುಕುತ್ತಾರೆ. ಇವನು ಸಂಜೆ ಕ್ಷಮೆ ಕೇಳಲು ಮುದುಕಿಯ ಮನೆಗೆ ಹೋದ. ಅವಳು ಇರಲಿಲ್ಲ. ಮರುದಿನ ಹೋದ, ಇರಲಿಲ್ಲ. ಮೂರನೇ ದಿನ ಸಿಕ್ಕಳು, ಅವಳಿಗೆ ಅವನು ಸಿಡುಕಿದ್ದೇ ನೆನಪಿಲ್ಲ! "ಯಾವಾಗಪ್ಪಾ ಬೈದೆ? ನನಗೆ ಕಿವಿ ಕೇಳಲ್ಲ" ಅಂದಳಂತೆ. ಅಂಗಡಿಯಲ್ಲಿ ಒಂದು ವಾರ ನಕ್ಕೆವು. ಅವನೂ ನಕ್ಕ.

ಇಂಥವನ ಜೊತೆ ಕೆಲಸ ಮಾಡುವ ಕಷ್ಟ ನಿಮಗೆ ಗೊತ್ತಿಲ್ಲ. ಒಬ್ಬ ಗಿರಾಕಿಯ ಕಿಟಕಿ ಮೂರು ವಾರ ತಡವಾಗಿತ್ತು. ಅವನು ಉರಿದುಕೊಂಡು ಬರುವುದು ಕಂಡು ನಾನು ಒರಗಿಸಿಟ್ಟ ಬಾಗಿಲುಗಳ ಹಿಂದೆ ನಿಂತೆ, ಪೆನ್ಸಿಲನಿಗೆ ಕೈಸನ್ನೆ ಮಾಡಿದೆ.

"ನಿಮ್ಮ ಭಾವ ಎಲ್ರೀ?"

"ಇದ್ದಾರೆ."

"ಎಲ್ಲಿ?"

"ಬಾಗಿಲ ಹಿಂದೆ. ಬರೋ ಮನಸ್ಸಿಲ್ಲ ಅವರಿಗೆ. ಕಿಟಕಿ ಇನ್ನೂ ಆಗಿಲ್ಲ, ಅದಕ್ಕೆ."

ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದ ಆ ಮೂರು ಹೆಜ್ಜೆ ಇದೆಯಲ್ಲ, ನನ್ನ ಶತ್ರುವಿಗೂ ಬೇಡ.

ಅವನ ಹೆಂಡತಿ, ನನ್ನ ನಾದಿನಿ, ನಮ್ಮ ಮನೆಗೆ ಬಂದಾಗ ಗೋಳು ಹೇಳಿಕೊಳ್ಳುತ್ತಾಳೆ. "ಇವರ ಜೊತೆ ಬದುಕೋದು ಅಂದ್ರೆ ಗಾಜಿನ ಮನೇಲಿ ಸೀರೆ ಬದಲಾಯಿಸಿದಂಗೆ, ಭಾವ. ಪಕ್ಕದ ಮನೆಯವಳು ಬಟ್ಟೆ ಚೆನ್ನಾಗಿದೆಯಾ ಅಂತ ಕೇಳಿದ್ರೆ ನಾನು ಇವರ ಬಾಯಿ ಮುಚ್ಚೋಕೆ ಓಡಬೇಕು." ನಾನು ಖುಷಿಯಿಂದ ತಲೆಯಾಡಿಸುತ್ತೇನೆ. ಅಷ್ಟರಲ್ಲಿ ಅವಳು ಸೀರೆಯ ಸೆರಗು ತಿರುಚುತ್ತಾ, "ಆದ್ರೆ ಒಂದು, ಅವರು ಚೆನ್ನಾಗಿದೆ ಅಂದ್ರೆ ನಂಬಬಹುದು" ಅನ್ನುತ್ತಾಳೆ. ಆಗ ನನ್ನ ಹೆಂಡತಿ ನನ್ನನ್ನು ನೋಡುತ್ತಾಳೆ. ಇಪ್ಪತ್ತು ವರ್ಷ ಸಂಸಾರ ಮಾಡಿದವಳು ಬಾಯಿ ತೆರೆದೇ ಹೇಳಬೇಕೆಂದಿಲ್ಲ.

ಒಂದು ದಿನ ತೆರೆದೇ ಹೇಳಿದಳು. "ಚರ್ಚಲ್ಲಿ ನೀವೂ ಎರಡನೇ ಸಾಲಿನಲ್ಲೇ ಕೂರ್ತೀರ, ನೀವೇ ಎಲ್ಲರಿಗಿಂತ ಜೋರಾಗಿ ಹಾಡ್ತೀರ, ಕಾಣಿಕೆ ಚೀಲ ಹಿಡಿಯೋರೂ ನೀವೇ. ಆದ್ರೂ ನನ್ನ ತಂಗಿಗೆ ಸಿಕ್ಕಿದ್ದು ನನಗೆ ಸಿಕ್ಕಿಲ್ಲ, ನೋಡ್ರಿ."

"ಏನು ಸಿಕ್ಕಿಲ್ಲ? ಏನು ಕಡಿಮೆ ಮಾಡಿದ್ದೀನಿ ನಿನಗೆ?"

"ಕೂಗಬೇಡಿ. ಅದೇ ಸಿಕ್ಕಿಲ್ಲ."

ಹೀಗೆ ವರ್ಷಗಳು ಹೋದವು. ಮಾವನ ಎರಡು ಕಣ್ಣಿಗೂ ಪೊರೆ ಬಂತು. ಗಂಡು ಮಕ್ಕಳಿಲ್ಲ, ಇಬ್ಬರೇ ಹೆಣ್ಣು ಮಕ್ಕಳು, ಇಬ್ಬರು ಅಳಿಯಂದಿರು. ಅಂಗಡಿಯ ಬೀಗದ ಕೈ ಯಾರಿಗೆ ಅನ್ನುವುದನ್ನು ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಎಲ್ಲರೂ ಅದನ್ನೇ ಯೋಚಿಸುತ್ತಿದ್ದರು. ಒಂದು ಸೋಮವಾರ ಟೀ ಕುಡಿಯುವಾಗ ಮಾವನೇ ಮಾತು ತೆಗೆದರು.

"ಚರ್ಚಿಗೆ ಹೊಸ ಮೇಜು ಬೇಕಂತೆ. ಪ್ರಭುಭೋಜನದ ಮೇಜು. ನನ್ನಪ್ಪ ಬಿಟ್ಟುಹೋದ ಹಲಗೆ ಇದೆಯಲ್ಲ, ಅದನ್ನ ಹಾಕೋಣ. ಮೇಲಿನ ಹಲಗೆ ದೊಡ್ಡಳಿಯ ಮಾಡ್ಲಿ, ಕಾಲು ಚೌಕಟ್ಟು ಚಿಕ್ಕಳಿಯ. ಒಂದೇ ಹಲಗೆ, ತಿಳೀತಾ? ಜೋಡಣೆ ಇರಬಾರದು. ಮೇಜು ಚರ್ಚಿಗೆ ಹೋದ ದಿನ ಬೀಗದ ಕೈ ಯಾರಿಗೆ ಅಂತ ಹೇಳ್ತೀನಿ."

ಆ ಹಲಗೆಯ ವಿಷಯ ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಇಪ್ಪತ್ತಾರು ಇಂಚು ಅಗಲ. ಅಂಥ ದಪ್ಪದ ಮರ ಈಗ ಯಾವ ಡಿಪೋದಲ್ಲೂ ಸಿಗುವುದಿಲ್ಲ. ಮಾವನ ಅಪ್ಪ ಕೊಯ್ಸಿ, ಅಟ್ಟದ ಮೇಲೆ ಇಟ್ಟು, ಮುಟ್ಟಬೇಡಿ ಅಂದು ಸತ್ತರು. ಮಾವ ವರ್ಷಕ್ಕೊಮ್ಮೆ ಅದನ್ನು ಮಗ್ಗುಲು ತಿರುಗಿಸುತ್ತಿದ್ದರು, ಹಾಸಿಗೆ ಹಿಡಿದವರನ್ನು ತಿರುಗಿಸುವ ಹಾಗೆ.

ನಾನು ಆ ಹಲಗೆಗೆ ತೋಪಡ ಹಾಕಿ ನಯ ಮಾಡಿದೆ. ತೋಪಡ ಓಡಿದರೆ ಮರ ಸುರುಳಿ ಸುರುಳಿಯಾಗಿ ಎದ್ದು ಬರುತ್ತಿತ್ತು, ರಿಬ್ಬನ್ನಿನಂತೆ. ಎರಡು ದಿನ ಜಗತ್ತಿನ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ. ಮೂರನೇ ದಿನ ಅಗಲವನ್ನು ಇಪ್ಪತ್ತನಾಲ್ಕು ಇಂಚಿಗೆ ಕೊಯ್ಯಬೇಕಿತ್ತು. ಬೆಳಗ್ಗೆ ಒಬ್ಬ ಗಿರಾಕಿ ಬಂದ. ಕಿಟಕಿಯ ಹತ್ತಿರ ನಿಂತು ಆ ಹಲಗೆಯ ಮೇಲೆ ಕೈಯಾಡಿಸಿ, "ಅಬ್ಬಾ, ಏನು ಕೆಲಸ! ಇದು ಪೆನ್ಸಿಲ್ ಅವರು ಮಾಡಿದ್ದಾ?" ಅಂದ.

ಅವನು ಹೋದ ಮೇಲೆ ನನ್ನ ಕೈಯಲ್ಲಿದ್ದ ಟೇಪನ್ನು ಗೋಡೆಗೆ ಎಸೆದೆ. ಟೇಪಿನ ಡಬ್ಬಿ ಒಡೆದು ಸ್ಪ್ರಿಂಗು ಹೊರಗೆ ಬಂತು. ಪೆನ್ಸಿಲ್ ಯಾರದೋ ಮನೆಯ ಬಾಗಿಲು ಕೂರಿಸಲು ಹೋಗಿದ್ದ. ಅವನ ಬೆಂಚಿನ ಮೇಲಿದ್ದ ಟೇಪನ್ನು ಎತ್ತಿಕೊಂಡೆ.

ಆ ಟೇಪಿನ ತುದಿ ಮುರಿದು ಮೊದಲ ಇಂಚು ಹೋಗಿ ಎಷ್ಟೋ ಕಾಲವಾಗಿತ್ತು. ಅದು ಒಂದರಿಂದಲೇ ಶುರು. ಹಾಗಾಗಿ ಇಪ್ಪತ್ತನಾಲ್ಕು ಬೇಕಿದ್ದರೆ ಇಪ್ಪತ್ತೈದಕ್ಕೆ ಗುರುತು ಹಾಕಬೇಕು. ಬಡಗಿಗಳಲ್ಲಿ ಇಂಥ ಟೇಪು ಮಾಮೂಲು. ಮರೆಯದಿರಲಿ ಅಂತ ಅವನು ಅದಕ್ಕೆ ಕೆಂಪು ದಾರವನ್ನೂ ಕಟ್ಟಿದ್ದ. ದಾರ ನನ್ನ ಬೆರಳಿಗೆ ತಾಗಿತ್ತು. ಆದರೆ ತಲೆಯಲ್ಲಿ ಆ ಗಿರಾಕಿಯ ಮಾತು ಕುದಿಯುತ್ತಿತ್ತು. ಇಪ್ಪತ್ತನಾಲ್ಕಕ್ಕೆ ಗೆರೆ ಎಳೆದೆ, ಮೆಷಿನ್ನಿಗೆ ಕೊಟ್ಟೆ, ಕೊಯ್ದೆ. ಚೌಕಟ್ಟಿನ ಮೇಲೆ ಇಟ್ಟು ನೋಡಿದರೆ ಒಂದು ಇಂಚು ಕಡಿಮೆ.

ಕೊಯ್ದ ಮರ ಬೆಳೆಯುವುದಿಲ್ಲ. ಹಲಗೆಯ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟೆ. ಬೀಗದ ಕೈ ಹೋಯಿತು ಅನ್ನುವುದು ಆಮೇಲಿನ ಯೋಚನೆ. ಮೊದಲು ಬಂದ ಯೋಚನೆ: ಈಗ ಅವನು ನನ್ನನ್ನು ಸಮಾಧಾನ ಮಾಡುತ್ತಾನೆ. ಅದನ್ನು ನಾನು ತಡೆದುಕೊಳ್ಳಲಾರೆ.

ಎದ್ದೆ. ಕೊಯ್ದು ಬಿದ್ದ ಪಟ್ಟಿ ಇನ್ನೂ ಅಲ್ಲೇ ಇತ್ತು, ಅದೇ ಮರ, ಅದೇ ಗೆರೆ. ಅದರಲ್ಲಿ ಒಂದು ಇಂಚಿಗಿಂತ ಕೂದಲೆಳೆ ಹೆಚ್ಚು ಸೀಳಿ, ಎರಡು ಅಂಚನ್ನೂ ಕನ್ನಡಿಯಂತೆ ಮಾಡಿ, ಗೆರೆಗೆ ಗೆರೆ ಕೂಡಿಸಿ ಅಂಟು ಹಾಕಿ ಕ್ಲಾಂಪು ಬಿಗಿದೆ. ನನ್ನ ಜೀವಮಾನದ ಅತ್ಯುತ್ತಮ ಕೆಲಸ ಅದು. ಮರುದಿನ ತೋಪಡ ಹಾಕಿ, ಉಜ್ಜಿ, ಪಾಲಿಶ್ ಕೊಟ್ಟ ಮೇಲೆ ಜೋಡಣೆ ಎಲ್ಲಿದೆಯೆಂದು ನಾನೇ ಹುಡುಕಬೇಕಾಯಿತು. ಅಷ್ಟು ಒಳ್ಳೆಯ ಕೆಲಸ, ಯಾರಿಗೂ ತೋರಿಸುವಂತಿಲ್ಲ.

ಪೆನ್ಸಿಲ್ ಚೌಕಟ್ಟು ಕೂರಿಸಲು ಹಲಗೆಯನ್ನು ಮಗುಚಿ ಹಾಕಿದ. ಅಡಿಭಾಗಕ್ಕೆ ಪಾಲಿಶ್ ಇರಲಿಲ್ಲ. ಅವನ ಹೆಬ್ಬೆರಳು ಹಲಗೆಯ ಮೇಲೆ ಹೋಗುತ್ತಾ ಹೋಗುತ್ತಾ ಒಂದು ಕಡೆ ನಿಂತಿತು. ಅವನು ನನ್ನ ಕಡೆ ನೋಡಲಿಲ್ಲ. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಅಲ್ಲೊಂದು ಸುತ್ತು ಎಳೆದ. ಅವನಿಗೆ ಅದು ಅಭ್ಯಾಸ, ಕೆಮ್ಮಿದ ಹಾಗೆ.

ನಾನು ಹೋಗಿ ಸ್ಯಾಂಡ್ ಪೇಪರಿನಿಂದ ಉಜ್ಜಿ ಅಳಿಸಿದೆ.

"ಭಾವ," ಅಂದ, "ಮಾವನಿಗೆ ಹೇಳಿಬಿಡಿ."

"ನಿನ್ನ ದರಿದ್ರ ಟೇಪಿನಿಂದಲೇ ಆಗಿದ್ದು. ಮೂರು ಕಾಸಿನ ಟೇಪು ಬದಲಾಯಿಸೋಕೆ ಯೋಗ್ಯತೆ ಇಲ್ಲ, ಊರಿಗೆ ಬುದ್ಧಿ ಹೇಳ್ತೀಯ!"

"ಹೌದು, ಟೇಪು ನಂದು. ಅದನ್ನೂ ಹೇಳೋಣ. ನಾನೂ ಬರ್ತೀನಿ ನಿಮ್ಮ ಜೊತೆ."

"ನೀನು ಬಂದು ಏನು ಮಾಡ್ತೀಯ? ಬೀಗದ ಕೈ ಇಸ್ಕೊಂಡು ಹೋಗ್ತೀಯ?"

ಅವನ ಮುಖ ಸುಟ್ಟ ಹಾಗಾಯಿತು. ತಗುಲಿತು ಅಂತ ನನಗೆ ತೃಪ್ತಿಯಾಯಿತು. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, "ನಾನಾಗಿ ಹೇಳಲ್ಲ, ಭಾವ. ಆದ್ರೆ ಅವರು ಕೇಳಿದ್ರೆ ಸುಳ್ಳು ಹೇಳೋಕಾಗಲ್ಲ" ಅಂದ.

ಶನಿವಾರ ಮಾವ ಮೇಜು ನೋಡಲು ಬಂದರು. ನೋಡುವುದೆಂದರೇನು, ಕಣ್ಣು ಕಾಣದು, ಕೈಯಲ್ಲಿ ತಡವಿದರು. ಮೇಲೆ, ಅಂಚು, ಮೂಲೆ. ನನ್ನ ಜೋಡಣೆಯ ಮೇಲೆ ಅವರ ಬೆರಳು ಮೂರು ಸಲ ಹೋಗಿ ಬಂತು. ಅವರು ತಲೆ ಎತ್ತಿ, ನನ್ನನ್ನು ಕೇಳಲಿಲ್ಲ ನೋಡಿ, ಅವನನ್ನು ಕೇಳಿದರು. "ಏನಪ್ಪಾ ಚಿಕ್ಕಳಿಯಾ, ನಿನ್ನ ಪೆನ್ಸಿಲ್ ಏನಂತದೆ? ಹೇಗಿದೆ ಕೆಲಸ?"

ಅವನ ಕೈ ಕಿವಿಯ ಹತ್ತಿರ ಹೋಗಿ ಕೆಳಗೆ ಬಂತು.

"ನನ್ನ ಕೈಯಲ್ಲಂತೂ ಇಂಥ ಕೆಲಸ ಆಗ್ತಿರಲಿಲ್ಲ, ಮಾವ. ಭಾವನಂಥ ಕೈ ಇಡೀ ಊರಲ್ಲೇ ಇಲ್ಲ."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮಾವ ಮೇಜು ಚರ್ಚಿಗೆ ಹೋಗುವವರೆಗೂ ಕಾಯದೆ ಅಲ್ಲೇ ಸೊಂಟದಿಂದ ಬೀಗದ ಕೈ ಗೊಂಚಲು ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಅದು ಅವರ ಮೈಯ ಬಿಸಿಗೆ ಬೆಚ್ಚಗಿತ್ತು. ಇಷ್ಟು ವರ್ಷ ಕಾದ ವಸ್ತು ಕೈಗೆ ಬಂದಾಗ ಏನನ್ನಿಸಬೇಕಿತ್ತೋ ಅದು ಅನ್ನಿಸಲಿಲ್ಲ. ಇದನ್ನೂ ಇವನೇ ಕೊಟ್ಟ ಅನ್ನಿಸಿತು. ಬೆಂಚಿನ ಹಾಗೆ.

ಭಾನುವಾರ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ರೊಟ್ಟಿ ಇಟ್ಟು, ಪಾತ್ರೆ ಇಟ್ಟು, ಪಾಸ್ಟರ್ ಪ್ರಾರ್ಥನೆ ಮಾಡಿದರು. ಒಂದೇ ಹಲಗೆಯ ಮೇಜು ಅಂತ ಸಭೆಗೆಲ್ಲ ಹೇಳಿದರು. ನನ್ನ ಕಡೆ ಕೈ ತೋರಿಸಿದರು, ಜನ ತಿರುಗಿ ನೋಡಿದರು. ಹೆಂಡತಿ ಹೆಂಗಸರ ಸಾಲಿನಿಂದ ನೋಡಿ ನಕ್ಕಳು, ಎಷ್ಟು ಕಾಲದ ಮೇಲೆ. ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಸಾಲು ಎದ್ದಾಗ ಎಲ್ಲರೂ ಮುಂದೆ ಹೋಗುತ್ತಿದ್ದರೆ ಒಬ್ಬ ಮಾತ್ರ ಎದುರಿಗೆ, ಜನರ ಮೊಣಕೈಗಳನ್ನು ತಪ್ಪಿಸಿಕೊಂಡು ಹಿಂದಕ್ಕೆ ಬಂದ. ನನ್ನ ಹತ್ತಿರ ಬಗ್ಗಿ, "ಭಾವ, ಒಂದು ನಿಮಿಷ ಹೊರಗೆ ಬನ್ನಿ" ಅಂದ.

"ಈಗ್ಲಾ? ತಲೆ ಕೆಟ್ಟಿದೆಯೇನೋ?"

"ಈಗ್ಲೇ. ಆಮೇಲೆ ಆದ್ರೆ ಅಲ್ಲಿಗೆ ಹೋಗೋಕಾಗಲ್ಲ ನನಗೆ."

ಜನ ನೋಡುತ್ತಿದ್ದರು. ಹೊರಗೆ ಬಂದೆ. ಚಪ್ಪಲಿ ಬಿಡುವ ಜಾಗದಲ್ಲಿ ನಿಂತೆವು. ಒಳಗೆ ಹಾಡು ಶುರುವಾಗಿತ್ತು.

ನನಗೆ ಮೈಯೆಲ್ಲ ಕಿವಿ. ಈಗ ಹೇಳುತ್ತಾನೆ, ಹೋಗಿ ಒಪ್ಪಿಕೊಳ್ಳಿ ಅನ್ನುತ್ತಾನೆ ಅಂದುಕೊಂಡೆ. ಹಾಗಂದರೆ ಏನು ಹೇಳಬೇಕು ಅಂತ ಬೈಗುಳ ಸಿದ್ಧ ಮಾಡಿಟ್ಟುಕೊಂಡಿದ್ದೆ.

"ನನ್ನ ಕ್ಷಮಿಸಬೇಕು, ಭಾವ" ಅಂದ.

"ಏನು?"

"ನಿನ್ನೆ ನಾನು ಹೇಳಿದ್ದು ನಿಜ. ಆದ್ರೆ ಮುಚ್ಚೋಕೆ ಹೇಳಿದ ನಿಜ. ನಾನೂ ಪುಡಿ ತುಂಬಿ ಪಾಲಿಶ್ ಹೊಡೆದೆ. ಯಾಕೆ ಹಾಗೆ ಮಾಡಿದೆ ಅಂತ ರಾತ್ರಿಯೆಲ್ಲ ಹುಡುಕಿದೆ. ಇದ್ದದ್ದು ಹೇಳಿದ್ರೆ ಬೀಗದ ಕೈ ನನಗೆ ಬರುತ್ತಿತ್ತು. ನನಗೆ ಅದರ ಮೇಲೆ ಆಸೆ ಇತ್ತು, ಭಾವ. ತುಂಬಾ ಇತ್ತು. ನೀವು ಅದನ್ನ ಅಂದ್ರಲ್ಲ, ಸರಿಯಾಗಿ ತಗುಲ್ತು. ನಿಜಕ್ಕೋಸ್ಕರ ಹೇಳ್ತೀನೋ, ಬೀಗದ ಕೈಗೋಸ್ಕರ ಹೇಳ್ತೀನೋ ಗೊತ್ತಾಗಲಿಲ್ಲ. ಹೆದರಿ ಸುತ್ತು ಬಳಸಿ ಮಾತಾಡಿದೆ."

ನಾನು ಕಾಲಿನಿಂದ ಯಾರದೋ ಚಪ್ಪಲಿಯನ್ನು ಸಾಲಿಗೆ ಸರಿಸಿದೆ.

"ಇನ್ನೊಂದು. ನಿಮ್ಮ ಕೈ ಕಂಡ್ರೆ ನನಗೆ ಹೊಟ್ಟೆಕಿಚ್ಚು. ಬಂದ ದಿನದಿಂದ. ನೀವು ಉಳಿ ಹಿಡಿದರೆ ಮರ ಮಾತು ಕೇಳುತ್ತೆ, ನಾನು ಹಿಡಿದ್ರೆ ಜಗಳ ಆಡುತ್ತೆ. ಆ ಕಿಟಕಿ ಬೆಂಚು ಬಿಟ್ಟುಕೊಟ್ಟಿದ್ದೂ ದೊಡ್ಡ ಮನಸ್ಸಿನಿಂದಲ್ಲ. ಅಷ್ಟು ಬೆಳಕಲ್ಲಿ ನನ್ನ ಕೆಲಸ ನಿಮ್ಮ ಕೆಲಸದ ಪಕ್ಕ ಕಾಣೋದು ಬೇಡ ಅಂತ. ಮಾವ ಎಲ್ಲರ ಮುಂದೆ ಹೊಗಳಿದ್ರು, ನಾನು ಸುಮ್ನೆ ಕೇಳ್ಕೊಂಡಿದ್ದೆ. ಇದೆಲ್ಲ ಇಟ್ಕೊಂಡು ಆ ಮೇಜಿನ ಹತ್ತಿರ ಹೋಗೋಕಾಗಲ್ಲ."

ಹೇಳಿ ಮುಗಿಸಿ ನಿಂತ. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ. ಅವನು ಕಾಯುತ್ತಿದ್ದ. ಕ್ಷಮಿಸಿದೆ ಅನ್ನುವುದಕ್ಕೆ ಮಾತ್ರ ಕಾಯುತ್ತಿರಲಿಲ್ಲ, ಅಷ್ಟು ನನಗೂ ತಿಳಿಯುತ್ತದೆ. ಅವನು ತನ್ನದನ್ನು ಇಟ್ಟ ಮೇಲೆ ನನ್ನದನ್ನು ಇಡುವ ಸರದಿ. ನನ್ನ ಬಾಯಿಗೆ ಬಂದಿತ್ತು. ನಾಲಿಗೆಯ ತುದಿಗೆ ಬಂದಿತ್ತು, "ನನಗೂ ಕಣೋ" ಅನ್ನುವ ಎರಡು ಮಾತು.

ಆದರೆ ಆ ಹೊತ್ತಿನಲ್ಲೂ ನನಗೆ ಏನನ್ನಿಸಿತು ಗೊತ್ತೇ? ಹೊಟ್ಟೆಕಿಚ್ಚಿನಲ್ಲೂ ಇವನೇ ಮೊದಲು! ವರ್ಷಗಟ್ಟಲೆ ಅದನ್ನು ಬೆಳೆಸಿದವನು ನಾನು, ನೀರು ಗೊಬ್ಬರ ಹಾಕಿದವನು ನಾನು. ಇವನು ಬಂದು ಅದನ್ನೂ ಚಂದವಾಗಿ ಕಿತ್ತು ಕೈಗೆ ಕೊಟ್ಟು ಹಗುರಾದ.

"ಆಯ್ತು ಬಿಡು. ಕ್ಷಮಿಸಿದೆ" ಅಂದೆ.

ತಪ್ಪು ಮಾಡಿದವನು ನಾನು, ಕ್ಷಮಿಸಿದವನೂ ನಾನೇ. ಹೀಗೂ ಉಂಟೇ! ಅವನು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿ, ಒಳಗೆ ಹೋಗಿ ಸಾಲಿನ ಕೊನೆಯಲ್ಲಿ ನಿಂತ. ನಾನೂ ಅವನ ಹಿಂದೆ ನಿಂತೆ. ಸಾಲು ಬಿಟ್ಟರೆ ಜನ ಏನೆಂದುಕೊಳ್ಳುತ್ತಾರೆ? ಆ ಮೇಜಿನ ಮುಂದೆ ಮೊಣಕಾಲೂರಿ ನಾಲಿಗೆಯ ಮೇಲೆ ರೊಟ್ಟಿಯ ಚೂರು ಇಟ್ಟುಕೊಂಡೆ. ನುಂಗುವುದಕ್ಕೆ ಬಹಳ ಹೊತ್ತಾಯಿತು.

ಮಾವ ಆಮೇಲೆ ಒಂದೂವರೆ ವರ್ಷ ಇದ್ದರು. ಆಸ್ಪತ್ರೆಯ ಮಂಚದ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಅವನು ಇದ್ದಾಗ ಒಂದು ಮಧ್ಯಾಹ್ನ ನನ್ನ ಕೈಯನ್ನು ತಡವಿ, "ಆ ಹಲಗೆಗೆ ನ್ಯಾಯ ಮಾಡಿದೆ ನೀನು. ಹೋದ ಮೇಲೆ ನನ್ನಪ್ಪನಿಗೆ ಹೇಳ್ತೀನಿ" ಅಂದರು. ಷಡ್ಡಕ ಎದ್ದು ಹೋಗಿ ಕಿಟಕಿಯ ಹೊರಗೆ ನೋಡುತ್ತಾ ನಿಂತ, ನನಗೆ ಜಾಗ ಬಿಟ್ಟು. ನಾನು ಮಾವನ ಹೊದಿಕೆ ಸರಿಮಾಡಿದೆ.

ಅವರ ಶವಪೆಟ್ಟಿಗೆಯನ್ನು ನಾವಿಬ್ಬರೇ ಮಾಡಿದೆವು. ಪಕ್ಕದ ಹಲಗೆಯಲ್ಲಿ ಒಂದು ಗಂಟಿತ್ತು. ಅವನು ಕಿವಿಯಿಂದ ಪೆನ್ಸಿಲ್ ತೆಗೆದ, ಗಂಟಿಗೆ ಹಿಡಿದ, ಎಳೆಯಲಿಲ್ಲ. ಅದನ್ನು ನನ್ನ ಕಡೆಗೆ ಚಾಚಿದ. "ಇದನ್ನ ನೀವು ಹಾಕಿ, ಭಾವ." ಬೆರಳುದ್ದದ ಮೊಂಡು ಪೆನ್ಸಿಲ್, ತುದಿ ಕಚ್ಚಿ ಕಚ್ಚಿ ಹಲ್ಲಿನ ಗುರುತು ಬಿದ್ದಿತ್ತು. ಇಸ್ಕೊಂಡೆ. ಜೇಬಿಗೆ ಹಾಕಿಕೊಂಡೆ. ಗಂಟಿಗೆ ಪುಡಿ ತುಂಬಿ ಪಾಲಿಶ್ ಎಳೆದೆ. ಅವನು ಪೆಟ್ಟಿಗೆಯ ಇನ್ನೊಂದು ತುದಿಗೆ ಹೋಗಿ ಮೊಳೆ ಹೊಡೆಯತೊಡಗಿದ.

ಈಗ ಅಂಗಡಿ ನನ್ನದು. ಇವತ್ತಿಗೂ ಬಾಗಿಲಿಗೆ ಬಂದವರು ಕೇಳುವುದು ಅವನನ್ನೇ. ಹೊಸ ಪೆನ್ಸಿಲ್ ತಂದುಕೊಂಡಿದ್ದಾನೆ, ಟ್ಯೂಬ್‌ಲೈಟಿನ ಕೆಳಗೆ ನಿಂತು ಗಂಟುಗಳಿಗೆ ಸುತ್ತು ಹಾಕುತ್ತಾನೆ. ನನ್ನಂಥ ಮುಂಗೋಪಿಯ ಕೈಕೆಳಗೆ ಕೆಲಸ ಮಾಡುತ್ತಾ ನಗುತ್ತಾ ಇರುತ್ತಾನೆ, ಅದು ಹೇಗೋ ನನಗೆ ತಿಳಿಯದು. ಚರ್ಚಿನ ಮೇಜಿನ ಜೋಡಣೆ ಎರಡು ಬೇಸಿಗೆ ಕಂಡು ಕೂದಲೆಳೆಯಷ್ಟು ಬಾಯಿ ಬಿಟ್ಟಿದೆ. ಬಿಳಿ ಬಟ್ಟೆ ಹಾಸಿದರೆ ಕಾಣುವುದಿಲ್ಲ; ಒಗೆಯಲು ತೆಗೆದಾಗ ಮಾತ್ರ ಕಾಣುತ್ತದೆ. ಅವನೂ ನೋಡಿದ್ದಾನೆ.

ಮಾವನಿಗೆ ಹೇಳಬೇಕಿದ್ದ ಮಾತು ಮಾವನ ಜೊತೆಯೇ ಮಣ್ಣಾಯಿತು. ಷಡ್ಡಕನಿಗೆ ಹೇಳಬೇಕಿದ್ದದ್ದು ಹಾಗಲ್ಲ. ನನ್ನ ಬೆಂಚಿನಿಂದ ಅವನ ಬೆಂಚಿಗೆ ಹನ್ನೊಂದು ಅಡಿ, ಒಳ್ಳೆಯ ಟೇಪಿನಲ್ಲೇ ಅಳೆದಿದ್ದೇನೆ. ನಿನ್ನೆಯೂ ಎದ್ದೆ. ಜೇಬಿನಲ್ಲಿ ಅವನ ಆ ಮೊಂಡು ಪೆನ್ಸಿಲ್ ಇತ್ತು, ಅದನ್ನಾದರೂ ಕೊಡೋಣವೆಂದು ನಾಲ್ಕು ಹೆಜ್ಜೆ ಹೋದೆ. ಅಷ್ಟರಲ್ಲಿ ಯಾರೋ ಬಾಗಿಲಲ್ಲಿ ನಿಂತು, "ಪೆನ್ಸಿಲ್ ಹಾಕೋರು ಇದ್ದಾರಾ?" ಅಂದರು. ತಿರುಗಿ ಬಂದು ನನ್ನ ಬೆಳಕಿನಲ್ಲಿ ನಿಂತುಕೊಂಡೆ.